ಬೈಟುಗಳ ಮಿತಿಯೂ ಕನ್ನಡದ ಅಡಿಟಿಪ್ಪಣಿಯೂ

ವಿಕಿಪೀಡಿಯದ ಪುಟಗಳನ್ನು ಸಿದ್ಧಗೊಳಿಸುವ ಮೀಡಿಯಾವಿಕಿ ತಂತ್ರಾಂಶವು ಒಂದು ಪುಟಕ್ಕಾಗಿ ಇಷ್ಟೇ ಶ್ರಮವನ್ನು ವ್ಯಯಿಸತಕ್ಕದ್ದೆಂದು ಕೆಲವು ಮಿತಿಗಳನ್ನು ವಿಧಿಸಿಕೊಂಡಿದೆ. ಟೆಂಪ್ಲೇಟುಗಳು ವಿಸ್ತರಿಸಿದ ಬಳಿಕ ಅವುಗಳ ಒಟ್ಟು ಗಾತ್ರ 20,97,152 ಬೈಟುಗಳನ್ನು ಮೀರಕೂಡದೆಂಬುದು ಇವುಗಳಲ್ಲಿ ಮುಖ್ಯವಾದುದು. ಇದು ಯಂತ್ರಜ್ಞರ ವಿಷಯ, ಇತಿಹಾಸದ ಅಧ್ಯಾಪಕರಿಗೆ ಇಲ್ಲೇನು ಕೆಲಸವೆಂದು ಕೇಳಬಹುದು. ಆಧಾರಗಳಿಗೆ ಒದಗುವ ಗತಿ ಇತಿಹಾಸದ ವಿಷಯವೇ ಎಂಬುದು ನಮ್ಮ ಉತ್ತರ.

ಮಿತಿ ಇರಬೇಕೆಂಬುದರಲ್ಲಿ ನಮಗೆ ವಿವಾದವಿಲ್ಲ. 2009ರ ಜೂನ್ 25ರಂದು ಮೈಕೆಲ್ ಜಾಕ್ಸನ್ ನಿಧನನಾದ ವಾರ್ತೆ ಹರಡಿದಾಗ ಅಸಂಖ್ಯ ಓದುಗರು ಒಂದೇ ಪುಟವನ್ನು ಕೇಳಿದರು. ಪ್ರತಿ ತಿದ್ದುಪಡಿಯಿಂದಲೂ ಹಳೆಯ ಸಿದ್ಧಪ್ರತಿ ನಿರರ್ಥಕವಾಗುತ್ತಿತ್ತು; ಉಲ್ಲೇಖಗಳಿಂದ ತುಂಬಿದ ಆ ಪುಟವನ್ನು ಹೊಸದಾಗಿ ಕಟ್ಟಲು ಬಹಳ ಹೊತ್ತು ಹಿಡಿಯುತ್ತಿತ್ತು. ಅದೇ ಕೆಲಸವನ್ನು ಹಲವು ಸರ್ವರುಗಳು ಏಕಕಾಲದಲ್ಲಿ ಮಾಡಹೋಗಿ ಇಡೀ ತಾಣವೇ ಕುಸಿಯಿತು. ಒಂದು ಸರ್ವರು ಕಟ್ಟುವಾಗ ಉಳಿದವು ಕಾಯುವ ಏರ್ಪಾಡು ಬಂದದ್ದು ಈ ಪ್ರಸಂಗದ ಫಲವಾಗಿ.

ಆದರೆ ಅಳತೆಗೋಲು ಸಮವಾಗಿದೆಯೇ ಎಂಬುದು ವಿಚಾರಣೀಯ. ಮಿತಿಯನ್ನು ಎಣಿಸುವುದು ಬೈಟುಗಳಲ್ಲಿ, ಅಕ್ಷರಗಳಲ್ಲಲ್ಲ. ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟು ಸಾಕು. ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೇಕು, ಹಲಂತದ ಚಿಹ್ನೆಯೂ ಒಂದು ಸಂಕೇತವೇ. 'ಕನ್ನಡ' ಎಂಬ ಪದಕ್ಕೆ 15 ಬೈಟುಗಳಾದರೆ ರೋಮನ್ ಲಿಪಿಯಲ್ಲಿ ಅದೇ ಹೆಸರಿಗೆ 7. ಅಡಿಟಿಪ್ಪಣಿಯ ಟೆಂಪ್ಲೇಟು ಗ್ರಂಥದ ಹೆಸರನ್ನು ಯಂತ್ರಗಳ ಉಪಯೋಗಕ್ಕೆಂದು ಕಣ್ಣಿಗೆ ಕಾಣದ ಇನ್ನೊಂದು ರೂಪದಲ್ಲಿಯೂ ಬರೆಯುತ್ತದೆ; ಅಲ್ಲಿ ಕನ್ನಡದ ಸಂಕೇತವೊಂದಕ್ಕೆ 9 ಬೈಟುಗಳು ವೆಚ್ಚವಾಗುತ್ತವೆ. ವಿನ್ಯಾಸದ ಚಿಹ್ನೆಗಳು ಎಲ್ಲ ಭಾಷೆಗಳಿಗೂ ಒಂದೇ ಆಗಿರುವುದರಿಂದ ನಷ್ಟ ಸರ್ವತ್ರ ಮೂರು ಪಟ್ಟು ಆಗದೆಂಬುದನ್ನು ಒಪ್ಪತಕ್ಕದ್ದೇ. ಆದರೂ ಕನ್ನಡ ಗ್ರಂಥಗಳನ್ನು ಹೆಚ್ಚು ಹೆಚ್ಚು ಉದಾಹರಿಸಿದ ಲೇಖಕನೇ ಹೆಚ್ಚು ಬೇಗ ಎಲ್ಲೆ ಮುಟ್ಟುತ್ತಾನೆ.

ಮುಟ್ಟಿದ ಮೇಲೆ ಆಗುವುದು ಇನ್ನೂ ಶೋಚನೀಯ. ಪುಟ ಮೇಲಿನಿಂದ ಕೆಳಕ್ಕೆ ಸಿದ್ಧವಾಗುತ್ತದೆಯಾಗಿ ಮೊದಲು ಕೆಳತುದಿಯ ಸಂಚಾರಪಟ್ಟಿಗಳು, ಅನಂತರ ಅಡಿಟಿಪ್ಪಣಿಗಳು ವಿಸ್ತರಿಸದೆ ಟೆಂಪ್ಲೇಟಿನ ಬರಿಯ ಹೆಸರಾಗಿ ಉಳಿಯುತ್ತವೆ. ತಾಮ್ರಶಾಸನಗಳಲ್ಲಿ ಕಡೆಯ ಹಲಗೆ ಕಳೆದುಹೋದರೆ ವಂಶಪ್ರಶಸ್ತಿ ಉಳಿದು ದತ್ತಿಯ ಮೇರೆಗಳು ಅಳಿಯುವುದನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಇಲ್ಲಿಯೂ ಹಾಗೆಯೇ, ಹೇಳಿಕೆ ನಿಂತು ಸಾಕ್ಷ್ಯ ಹೋಗುತ್ತದೆ. ಮಿತಿ ಮೀರಿದ ಪುಟವನ್ನು ತಂತ್ರಾಂಶವು ಒಂದು ವರ್ಗಕ್ಕೆ ಸೇರಿಸುವುದು ನಿಜ. ಸಾಮಾನ್ಯ ಓದುಗ ಆ ವರ್ಗವನ್ನು ನೋಡುವವನಲ್ಲ.

ದೋಷವೆಲ್ಲ ಯಂತ್ರದ್ದೇ ಎನ್ನಲಾರೆವು. ಇಂಗ್ಲಿಷಿನಿಂದ ಟೆಂಪ್ಲೇಟುಗಳನ್ನು ಗಂಟುಗಟ್ಟಲೆ ಹೊತ್ತು ತಂದು, ಒಂದರೊಳಗೊಂದನ್ನು ಹುದುಗಿಸುವ ಚಪಲ ನಮ್ಮವರಲ್ಲಿಯೂ ಇದೆ. ಹೀಗೆ ಹುದುಗಿಸಿದ ಪಠ್ಯ ಪ್ರತಿ ಹಂತದಲ್ಲಿಯೂ ಮತ್ತೆ ಎಣಿಕೆಗೆ ಬರುತ್ತದೆಂಬುದನ್ನು ಬಲ್ಲವರು ಕಡಮೆ. ರಾಜವಂಶಗಳ ಬಣ್ಣದ ಪಟ್ಟಿಯೊಂದನ್ನು ಕೈಬಿಟ್ಟರೆ ಹಲವು ಟಿಪ್ಪಣಿಗಳಿಗೆ ಎಡೆ ಸಿಕ್ಕೀತು.

ಸರ್ವರಿನ ಸ್ಥಿರತೆಗೆ ಕಾಲವೇ ನಿಜವಾದ ಅಳತೆ. ಲುವಾ ಭಾಷೆಯ ವಿಧಿಗಳಿಗೆ 10 ಸೆಕೆಂಡುಗಳ ಎಲ್ಲೆ ಈಗಾಗಲೇ ಇರುವುದರಿಂದ ಗಾತ್ರವನ್ನು ಬೈಟಿಗೆ ಬದಲಾಗಿ ಸಂಕೇತಗಳಲ್ಲಿ ಎಣಿಸಿದರೆ ಭಾರ ಎಲ್ಲೆ ಮೀರಲಾರದೆಂದು ನಮಗೆ ತೋರುತ್ತದೆ. ಅಲ್ಲಿಯವರೆಗೆ, ಆಧಾರಗಳು ಬಿಟ್ಟುಹೋಗಿವೆಯೆಂಬ ಸೂಚನೆಯನ್ನು ಪುಟದ ನೆತ್ತಿಯ ಮೇಲೆ, ಓದುಗನ ಕಣ್ಣಿಗೆ ಬೀಳುವಂತೆ ಅಚ್ಚಿಸುವುದಾದರೂ ಆಗಬೇಕು.