ಮಾದರಿ ಉಪವಿಧಿಗಳೂ ನಮ್ಮ ನಾಲ್ಕು ನಗರಸಭೆಗಳೂ

ಒಬ್ಬನು ತನ್ನ ನಿವೇಶನದಲ್ಲಿ ಎಬ್ಬಿಸುವ ಗೋಡೆಯು ನೆರೆಮನೆಯ ಗಾಳಿಬೆಳಕುಗಳನ್ನೂ, ಬೀದಿಯ ಮಳೆನೀರು ಹರಿಯುವ ದಾರಿಯನ್ನೂ, ಆಪತ್ಕಾಲದಲ್ಲಿ ಅಗ್ನಿಶಾಮಕ ವಾಹನವು ಒಳಬರುವ ಹಾದಿಯನ್ನೂ ನಿರ್ಧರಿಸುವುದಾದ್ದರಿಂದ, ಪೌರನ ನಿತ್ಯಜೀವನವನ್ನು ಕಟ್ಟಡ ಉಪವಿಧಿಗಳಷ್ಟು ನಿಕಟವಾಗಿ ಮುಟ್ಟುವ ಶಾಸನಗಳು ವಿರಳ. 1964ರ ಕರ್ನಾಟಕ ಪುರಸಭೆಗಳ ಅಧಿನಿಯಮವು ಈ ಉಪವಿಧಿಗಳನ್ನು ರಚಿಸುವ ಅಧಿಕಾರವನ್ನು, ಸರ್ಕಾರದ ಮಂಜೂರಾತಿಗೆ ಒಳಪಡಿಸಿ, ಸ್ಥಳೀಯ ಸಭೆಗೇ ಕೊಟ್ಟಿದೆ. ಸಂವಿಧಾನದ 74ನೆಯ ತಿದ್ದುಪಡಿಯಿಂದ ಬಂದ ಹನ್ನೆರಡನೆಯ ಅನುಸೂಚಿಯೂ ಕಟ್ಟಡ ನಿರ್ಮಾಣದ ನಿಯಂತ್ರಣವನ್ನು ಪೌರಸಂಸ್ಥೆಗಳ ಕಾರ್ಯಗಳಲ್ಲಿ ಎಣಿಸಿದೆ. ಆದರೂ ಮಾದರಿ ಉಪವಿಧಿಗಳೆಂಬ ಕರಡು ಸಿದ್ಧವಾಗುವುದು ರಾಜಧಾನಿಯಲ್ಲಿ; ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ನಗರಸಭೆಗಳಿಗೆ ಉಳಿಯುವುದು ಅಂಗೀಕಾರದ ಕಾರ್ಯ.

ಈ ಪದ್ಧತಿಯ ಗುಣವನ್ನು ಮೊದಲು ಒಪ್ಪತಕ್ಕದ್ದು. ರಾಷ್ಟ್ರೀಯ ಕಟ್ಟಡ ಸಂಹಿತೆಯಂಥ ಬೃಹದ್ಗ್ರಂಥವನ್ನು ಪರಾಮರ್ಶಿಸಿ ತಳಪಾಯ, ಕಂಬ, ಮೆಟ್ಟಿಲು, ಅಗ್ನಿರಕ್ಷಣೆಗಳ ನಿಯಮಗಳನ್ನು ರೂಪಿಸುವ ತಾಂತ್ರಿಕ ಬಲವು ಕೆಲವೇ ಇಂಜಿನಿಯರುಗಳುಳ್ಳ ನಗರಸಭೆಗೆ ಇರಲಾರದು. 2021ರ ಡಿಸೆಂಬರಿನಲ್ಲಿ ಚಿಕ್ಕಬಳ್ಳಾಪುರದ ಪರಿಸರದಲ್ಲಿ ಭೂಮಿಯು ಲಘುವಾಗಿ ಕಂಪಿಸಿದುದನ್ನು ನೆನೆದರೆ, ಕಟ್ಟಡದ ದೃಢತೆಯ ನಿಯಮವು ರಾಜ್ಯಕ್ಕೆಲ್ಲ ಒಂದೇ ಆಗಿರಬೇಕೆಂಬುದು ನಿರ್ವಿವಾದ.

ದೋಷವಿರುವುದು ನವೀಕರಣದ ಮಂದಗತಿಯಲ್ಲಿ. 1970ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಂಹಿತೆಯು 1983, 2005, 2016ರಲ್ಲಿ ಪರಿಷ್ಕೃತವಾಯಿತು. ನಮ್ಮ ಪುರಸಭೆಗಳ ಮಾದರಿ ಉಪವಿಧಿಗಳಾದರೋ 1979ರ ಬಳಿಕ ಸಮಗ್ರವಾಗಿ ಹೊಸ ರೂಪ ತಾಳಿದುದು 2017ರಲ್ಲಿ. ಅಷ್ಟರಲ್ಲಿ ಕಲ್ಲುಚಪ್ಪಡಿಯ ಮನೆಗಳ ಸ್ಥಾನದಲ್ಲಿ ಆರ್‌ಸಿಸಿ ಮಹಡಿಗಳು ಎದ್ದಿದ್ದವು, ಬಾವಿಗಳು ಬತ್ತಿ ಕೊಳವೆಬಾವಿಗಳು ಪಾತಾಳಕ್ಕಿಳಿದಿದ್ದವು, 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಈ ನಾಲ್ಕೂ ಊರುಗಳನ್ನೊಳಗೊಂಡ ಚಿಕ್ಕಬಳ್ಳಾಪುರವೆಂಬ ಹೊಸ ಜಿಲ್ಲೆಯೇ ಉದಯಿಸಿತ್ತು.

ಇದಕ್ಕಿಂತ ಗುರುತರವಾದುದು ಊರಿನ ಸ್ವಭಾವಕ್ಕೆ ಸಲ್ಲಬೇಕಾದ ಗಮನದ ಅಭಾವ. ಶಿಡ್ಲಘಟ್ಟದಲ್ಲಿ ವಾಸದ ಮನೆಗೆ ಅಂಟಿಕೊಂಡೇ ರೇಷ್ಮೆನೂಲು ಬಿಚ್ಚುವ ಘಟಕವಿರುವುದು ವಿರಳವಲ್ಲ. ಒಲೆಯ ಹೊಗೆ, ಗೂಡು ಬೇಯಿಸಿದ ನೀರು, ದಿನವಿಡೀ ಏಳುವ ಹಬೆ ಇವೆಲ್ಲ ಒಂದೇ ಸೂರಿನಡಿ ಸೇರಿರುವಾಗ, ವಾಸದ ಕಟ್ಟಡ, ಕೈಗಾರಿಕಾ ಕಟ್ಟಡ ಎಂಬ ಸ್ಥೂಲ ವಿಭಾಗದಿಂದ ಹೊಗೆಗೂಡಿನ ಎತ್ತರವಾಗಲಿ ಚರಂಡಿಯ ವ್ಯವಸ್ಥೆಯಾಗಲಿ ನಿರ್ಣಯವಾಗದು. ಚಿಂತಾಮಣಿಯ ಮಂಡಿಬೀದಿಗಳಿಗೆ ಲಾರಿ ನಿಲ್ಲುವ ಸ್ಥಳದ ಚಿಂತೆ; ಉತ್ತರ ಪಿನಾಕಿನಿಯ ದಡದ ಗೌರಿಬಿದನೂರಿಗೆ ನದಿಪಾತ್ರದ ರಕ್ಷಣೆಯ ಚಿಂತೆ; ಹೆದ್ದಾರಿಯ ಬದಿಯಲ್ಲಿ ಬಡಾವಣೆಗಳನ್ನು ಚಾಚಿಕೊಳ್ಳುತ್ತಿರುವ ಚಿಕ್ಕಬಳ್ಳಾಪುರಕ್ಕೆ ಕೆರೆಗೆ ನೀರು ತರುವ ಕಾಲುವೆಗಳ ಚಿಂತೆ. ನಾಲ್ಕೂ ಊರುಗಳ ಅಗತ್ಯವನ್ನು ಒಂದೇ ಪಾಠವು ತೀರಿಸಲಾರದು.

ಉಪವಿಧಿಯಂತೆ ಕಟ್ಟಿದುದಕ್ಕೆ ದೊರೆಯುವ ಸ್ವಾಧೀನ ಪ್ರಮಾಣಪತ್ರವಿಲ್ಲದ ಕಟ್ಟಡಕ್ಕೆ ವಿದ್ಯುತ್ತಿನ, ನೀರಿನ ಸಂಪರ್ಕಗಳನ್ನು ಕೊಡಲಾಗದೆಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ವಿಧಿಸಿದ ಮೇಲೆ, ಉಪವಿಧಿಯನ್ನು ಅರಿಯದೆ ಕಟ್ಟಿದವನು ಅದನ್ನು ಮೊದಲ ಬಾರಿಗೆ ಕಾಣುವುದು ಮೀಟರಿಗೆ ಅರ್ಜಿ ಹಾಕಿದಾಗ ಎಂಬಂತಾಗಬಾರದು. ಭದ್ರತೆಯ ಅಧ್ಯಾಯಗಳು ರಾಜ್ಯದವೇ ಆಗಿರಲಿ. ಆದರೆ ನೀರು, ಬೀದಿ, ಕಸುಬುಗಳಿಗೆ ಸಂಬಂಧಿಸಿದ ಭಾಗವನ್ನು ಪ್ರತಿಯೊಂದು ನಗರಸಭೆಯೂ ತನ್ನ ಐದು ವರ್ಷಗಳ ಅವಧಿಯಲ್ಲಿ ಒಮ್ಮೆಯಾದರೂ ಪರಿಶೀಲಿಸಿ, ಕರಡನ್ನು ತಿಳಿಗನ್ನಡದಲ್ಲಿ ಪ್ರಕಟಿಸಿ, ನೂಲು ಬಿಚ್ಚುವ ರೀಲರುಗಳ, ವರ್ತಕರ, ಮೇಸ್ತ್ರಿಗಳ ಅಭಿಪ್ರಾಯವನ್ನು ಆಲಿಸಿ, ಆ ಬಳಿಕವೇ ಮಂಜೂರಾತಿಗೆ ಕಳುಹಿಸತಕ್ಕದ್ದು. ಶಾಸನವು ಕೊಟ್ಟಿರುವ ಅಧಿಕಾರವನ್ನು ಚಲಾಯಿಸುವಂತೆ ತಮ್ಮ ವಾರ್ಡಿನ ಸದಸ್ಯರನ್ನು ಕೇಳುವುದು ಈ ನಾಲ್ಕೂ ಊರುಗಳ ನಾಗರಿಕರ ಕರ್ತವ್ಯ.