ವಾಲ್ವುಗಳ ಗರ್ಜನೆ

ಯಲ್ಲಾಪುರದ ಯಕ್ಷಗಾನದ ಆಟಗಳಲ್ಲಿ ಚಂಡೆಯ ಪೆಟ್ಟು ಕೇಳುತ್ತ ಬೆಳೆದ ಕಿವಿಗೆ ಮೆಟಾಲಿಕಾ ತಂಡದ ‘ಮಾಸ್ಟರ್ ಆಫ್ ಪಪೆಟ್ಸ್’ ಆಲ್ಬಂ ಬೇಗ ಒಗ್ಗುತ್ತದೆ. ಎರಡರಲ್ಲೂ ಅಬ್ಬರವಿದೆ, ಅಬ್ಬರದೊಳಗೆ ಲಯದ ಶಿಸ್ತಿದೆ.

1985ರಲ್ಲಿ ಕೋಪನ್‌ಹೇಗನ್‌ನ ಸ್ವೀಟ್ ಸೈಲೆನ್ಸ್ ಸ್ಟುಡಿಯೊದಲ್ಲಿ ಧ್ವನಿಮುದ್ರಣಗೊಂಡು 1986ರ ಮಾರ್ಚ್‌ನಲ್ಲಿ ಹೊರಬಂದ ಈ ಆಲ್ಬಂನ ಗಿಟಾರ್ ದನಿಗೆ ಆಧಾರ, ಮೆಸಾ ಬೂಗಿ ಕಂಪನಿಯ ‘ಮಾರ್ಕ್ ಟು ಸಿ ಪ್ಲಸ್’ ಆಂಪ್ಲಿಫೈಯರ್. ಅದರೊಳಗೆ ದನಿಯನ್ನು ರೂಪಿಸುವುದು ಗಾಜಿನ ವಾಲ್ವುಗಳು (ನಿರ್ವಾತ ನಳಿಕೆಗಳು). ಗಿಟಾರಿನ ಸಣ್ಣ ಸಂಕೇತ ಒಂದು ವಾಲ್ವಿನಿಂದ ಇನ್ನೊಂದಕ್ಕೆ ದಾಟುತ್ತ ಹಿಗ್ಗುತ್ತದೆ; ಮಿತಿ ಮೀರಿದಾಗ ಅಲೆಯ ತುದಿ ಚಪ್ಪಟೆಯಾಗಿ ಹೊಸ ಉಪಸ್ವರಗಳು ಹುಟ್ಟುತ್ತವೆ. ಆ ಗಡಸುತನದ ಮೂಲ ಅದೇ. ಆಂಪ್ಲಿಫೈಯರ್‌ನ ಐದು ಪಟ್ಟಿಗಳ ಈಕ್ವಲೈಸರ್‌ನಲ್ಲಿ ನಡುವಿನ ಕಂಪನಾಂಕಗಳನ್ನು ತಗ್ಗಿಸಿದರೆ ಕೆಳಗಿನ ಗುಡುಗು, ಮೇಲಿನ ಮೊನಚು ಎರಡೂ ಎದ್ದು ನಿಲ್ಲುತ್ತವೆ.

ಆದರೂ ಅರ್ಧ ಶ್ರೇಯ ತಂಡದ ಗಿಟಾರ್ ವಾದಕ ಜೇಮ್ಸ್ ಹೆಟ್‌ಫೀಲ್ಡ್ ಅವರ ಬಲಗೈಗೆ ಸಲ್ಲಬೇಕು. ಒಂದೇ ನುಡಿಕೆಯನ್ನು ಮತ್ತೆ ಮತ್ತೆ ನುಡಿಸಿ ಪದರಗಳಾಗಿ ಕೂಡಿಸುವಾಗ ಕೂದಲೆಳೆಯಷ್ಟು ತಪ್ಪಿದರೂ ಎಲ್ಲ ಕಲಸಿಹೋಗುತ್ತದೆ. ಇಲ್ಲಿ ಕಲಸಿಲ್ಲ.

2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಈ ತಂಡ ನುಡಿಸಿತು. ಅಂದು ಹೋಗಲಾಗದವರು ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಆಲ್ಬಂ ಅನ್ನು ಪೂರ್ತಿ ಕೇಳಿ. ಗದ್ದಲ ಅನ್ನಿಸಿದ್ದು ಕುಸುರಿ ಕೆಲಸವೆಂದು ತಿಳಿಯುತ್ತದೆ.