ಕರ್ಬಲಾ ಪದಗಳಲ್ಲಿ ಶೋಕ ಮತ್ತು ಸಾಂತ್ವನ

ವಿಜಯಪುರ ಸೀಮೆಯಲ್ಲಿ ಮೊಹರಮ್ ತಿಂಗಳ ಮೊದಲ ಹತ್ತು ದಿನಗಳಲ್ಲಿ ಹಾಡಲ್ಪಡುವ ಕರ್ಬಲಾ ಪದಗಳನ್ನು, ಎಂದರೆ ರಿವಾಯತುಗಳನ್ನು, ನಮ್ಮ ವಿದ್ವಾಂಸರು ಸಾಮಾನ್ಯವಾಗಿ ಎರಡು ದೃಷ್ಟಿಗಳಿಂದ ವಿವೇಚಿಸಿರುವರು. ಹೆಜ್ಜೆಯ ಕುಣಿತಕ್ಕೆ ಹೊಂದಿಕೊಂಡ ಜಾನಪದ ಗೇಯಪ್ರಕಾರವೆಂಬುದು ಒಂದು; ಹಿಂದೂ ಮುಸಲ್ಮಾನರ ಸೌಹಾರ್ದಕ್ಕೆ ಸಾಕ್ಷಿಯೆಂಬುದು ಇನ್ನೊಂದು. ಎರಡೂ ಸತ್ಯವೇ. ಆದರೆ ಈ ಪದಗಳು ಮೊಟ್ಟಮೊದಲು ಶೋಕಗೀತಗಳೆಂಬ ಮಾತು ಇವೆರಡರ ನಡುವೆ ಮರೆತುಹೋದಂತಿದೆ. ಸತ್ತವರಿಗಾಗಿ ಅಳುವ ಈ ಪದಗಳು ಬದುಕಿ ಉಳಿದವರಿಗೆ ಏನನ್ನು ಕೊಡುವುವು? ಈ ಪ್ರಶ್ನೆ ಸಾಹಿತ್ಯಕ್ಕೆ ಮಾತ್ರ ಸೇರಿದುದಲ್ಲ. ವಿಜಯಪುರದಲ್ಲಾಗಲಿ ತಿಕೋಟಾ, ಬಬಲೇಶ್ವರಗಳಲ್ಲಾಗಲಿ, ಅನ್ಯಮತದ ನೆರೆಯವನ ಮನೆಯಲ್ಲಿ ಸಾವಾದಾಗ ಹೊಸ್ತಿಲಲ್ಲಿ ನಿಂತು ಏನು ಹೇಳಬೇಕೆಂದು ತೋಚದೆ ಹಿಂಜರಿಯುವ ಪ್ರತಿಯೊಬ್ಬನಿಗೂ ಇದು ಸಂಬಂಧಿಸಿದುದು.

ಕರ್ಬಲೆಯ ಕದನ ನಡೆದುದು ಕ್ರಿ. ಶ. 680ರಲ್ಲಿ. ಆ ಶೋಕವು ಈ ನಾಡಿಗೆ ಬರಲು ಬಿಜಾಪುರದ ಆದಿಲಶಾಹಿ ಆಸ್ಥಾನವು ಒಂದು ಮುಖ್ಯ ದ್ವಾರವಾಯಿತು. ಆ ವಂಶದ ಅರಸರಲ್ಲಿ ಕೆಲವರು ಶಿಯಾ ಪಂಥವನ್ನೂ ಕೆಲವರು ಸುನ್ನಿ ಪಂಥವನ್ನೂ ಹಿಡಿದರು. ಆದರೂ ಮೊಹರಮಿನ ಶೋಕಾಚರಣೆಯು ಜನರಲ್ಲಿ ಉಳಿಯಿತು. ಎರಡನೆಯ ಅಲಿ ಆದಿಲಶಾಹನ ಕಾಲದಲ್ಲಿ (1656–1672) ಮಿರ್ಜಾ ಎಂಬ ಕವಿಯು ದಖನಿ ಭಾಷೆಯ ಮರ್ಸಿಯಾಗಳಿಂದ ಖ್ಯಾತನಾದನು. 1686ರಲ್ಲಿ ರಾಜ್ಯವು ಔರಂಗಜೇಬನ ವಶವಾಯಿತು. ಶೋಕವು ಮಾತ್ರ ಅರಮನೆಯೊಡನೆ ಅಳಿಯಲಿಲ್ಲ. ಹಳ್ಳಿಗಳಲ್ಲಿ ಅಲಾಯಿ ಕುಣಿಯ ಸುತ್ತ ಅದು ಕನ್ನಡದ ಮೈ ತಾಳಿತು. ಧಾರವಾಡ ಸೀಮೆಯಲ್ಲಿ ಶಿಶುನಾಳ ಶರೀಫರಂಥ (1819–1889) ಅನುಭಾವಿಗಳೂ ಈ ಪ್ರಕಾರಕ್ಕೆ ಕೈಹಾಕಿದರು.

ಈ ಪದಗಳ ಕಾವ್ಯಶಕ್ತಿ ಎಲ್ಲಿರುವುದು? ಯುದ್ಧವರ್ಣನೆಯಲ್ಲಿ ಅಲ್ಲವೆಂದು ನನ್ನ ಅಭಿಪ್ರಾಯ. ವೀರರಸವು ಇಲ್ಲಿ ಬಹುಮಟ್ಟಿಗೆ ಸಿದ್ಧಮಾದರಿಯದು. ಶಕ್ತಿಯಿರುವುದು ಬಂಧುತ್ವದ ಸಂಬೋಧನೆಯಲ್ಲಿ. ಹುಸೇನನು ಇಲ್ಲಿ ಇಮಾಮನಾಗಿರುವಷ್ಟೇ ತಾಯಿಯ ಮಗನು, ತಂಗಿಯ ಅಣ್ಣನು, ಮಗಳ ತಂದೆಯು. ನೀರಿಲ್ಲದೆ ಬಳಲಿದ ಹಸುಳೆ ಅಸ್ಗರನು ಯಾವ ತಾಯಿಗೂ ಪರಕೀಯನಲ್ಲ. ಕೇಳುವವಳು ಮುಸಲ್ಮಾನಳಿರಲಿ, ಲಿಂಗವಂತಳಿರಲಿ, ಕುರುಬರವಳಿರಲಿ, ಆ ಬಂಧುಗಳ ಸಾಲಿನಲ್ಲಿ ತನ್ನದೊಂದು ಸ್ಥಾನವನ್ನು ಕಂಡುಕೊಂಡು ತನ್ನ ಸತ್ತವರಿಗಾಗಿ ಅಳಬಲ್ಲಳು. ಮುಸಲ್ಮಾನರ ಮನೆಯೇ ಇಲ್ಲದ ಉತ್ತರ ಕರ್ಣಾಟಕದ ಎಷ್ಟೋ ಊರುಗಳಲ್ಲಿ ಪಂಜಾಗಳನ್ನು ಕೂಡ್ರಿಸುವುದಕ್ಕೆ ಇದೂ ಒಂದು ಕಾರಣವಿರಬೇಕು.

ಕರ್ಬಲಾ ಶೋಕಸಾಹಿತ್ಯಕ್ಕೆ ಇತಿಹಾಸದೃಷ್ಟಿಯಿಂದ ಎರಡು ಆಕ್ಷೇಪಣೆಗಳುಂಟು. ಫಾತಿಮಾಬೀಬಿಯು ಮಗನ ಹೆಣದ ಮುಂದೆ ಅಳುವಳೆಂದು ಹೇಳುವುದುಂಟು. ಆಕೆ ತೀರಿಕೊಂಡುದು 632ರಲ್ಲಿ. ಕಾಸಿಮನಿಗೆ ರಣರಂಗದಲ್ಲಿ ಮದುವೆಯಾಗಿ ಅಂದೇ ಅವನು ಮಡಿದನೆಂಬ ಕಥೆಗೆ ಹಳೆಯ ಚರಿತ್ರೆಗಳ ಆಧಾರವಿಲ್ಲ. ಈ ಆಕ್ಷೇಪಣೆಗಳು ನಿಜ. ಆದರೆ ಇವೆರಡೂ ದೋಷಗಳಲ್ಲ, ಶೋಕದ ಅವಶ್ಯಕತೆಯಿಂದ ಹುಟ್ಟಿದ ಕಲ್ಪನೆಗಳು. ಮಗನ ಸಾವಿಗೆ ತಾಯಿಯಿಲ್ಲದ ಅಳು ಅಪೂರ್ಣವೆಂದು ಜನರ ಮನಸ್ಸು ತಿಳಿದುಕೊಂಡಿತು. ಸತ್ತ ತಾಯಿಯನ್ನೇ ಕರೆತಂದಿತು. ಮದರಂಗಿ ಆರುವ ಮೊದಲೇ ಗಂಡನನ್ನು ಕಳೆದುಕೊಂಡವಳು ಪ್ರತಿ ಊರಿನಲ್ಲಿಯೂ ಇರುವಳು. ಕಾಸಿಮನ ಮದುವಣಗಿತ್ತಿಯು ಅವಳ ದುಃಖಕ್ಕೆ ಹೆಸರಾದಳು.

ಇನ್ನೊಂದು ಆಕ್ಷೇಪಣೆ ಧರ್ಮದೃಷ್ಟಿಯದು. ಎದೆ ಬಡಿದುಕೊಂಡು ಅಳುವುದನ್ನು ಸುನ್ನಿ ಪಂಡಿತರಲ್ಲಿ ಅನೇಕರು ಒಪ್ಪರು. ಸಬರ್, ಎಂದರೆ ತಾಳ್ಮೆಯೇ, ದುಃಖಿಗೆ ಭೂಷಣವೆನ್ನುವರು. ಶಿಯಾ ಪಂಥದಲ್ಲಿ ಹುಸೇನನಿಗಾಗಿ ಸುರಿಸುವ ಕಣ್ಣೀರೇ ಪುಣ್ಯ. ಆದುದರಿಂದ 'ಮುಸಲ್ಮಾನರ ಶೋಕಪದ್ಧತಿ' ಎಂಬ ಒಂದೇ ಸೂತ್ರವನ್ನು ಕಟ್ಟಿ ಎಲ್ಲರಿಗೂ ಅನ್ವಯಿಸುವುದು ತಪ್ಪಾಗುವುದು. ಪತಿ ತೀರಿದವಳು ನಾಲ್ಕು ತಿಂಗಳು ಹತ್ತು ದಿನ ಇದ್ದತಿನಲ್ಲಿರುವಳು, ಗರ್ಭಿಣಿಯಾದರೆ ಹೆರಿಗೆಯವರೆಗೆ. ಅವಳು ಹೊರಗೆ ಬರಲಿಲ್ಲವೆಂದು ಮನೋರೋಗವನ್ನು ಆರೋಪಿಸುವವನೂ, ಇದು ಅವರ ಪದ್ಧತಿಯೆಂದು ಅವಳ ನಿಜವಾದ ಬಳಲಿಕೆಯನ್ನು ಕಾಣದೆ ಹೋಗುವವನೂ ಸಮಾನವಾಗಿ ತಪ್ಪುವರು. ಮೂರನೆಯ ದಿನದ ಜಿಯಾರತು, ನಾಲ್ವತ್ತನೆಯ ದಿನದ ಫಾತೆಹಾಗಳನ್ನು ಕೆಲವು ಮನೆಗಳು ಆಚರಿಸುವುವು, ಕೆಲವು ಬಿಟ್ಟಿರುವುವು. ಹೀಗೆಯೇ ಲಿಂಗವಂತ ಸಿದ್ಧಾಂತದಲ್ಲಿ ಸಾವಿನ ಸೂತಕವಿಲ್ಲ. ಆದರೆ ಸೂತಕವಿಲ್ಲವೆಂದ ಮಾತ್ರಕ್ಕೆ ಆ ಮನೆಯಲ್ಲಿ ದುಃಖವಿಲ್ಲವೆಂದಲ್ಲ. ಪದ್ಧತಿಯನ್ನು ತಿಳಿದಿರಬೇಕು, ಆಮೇಲೆ ಎದುರಿಗಿರುವ ವ್ಯಕ್ತಿಯನ್ನು ಕೇಳಬೇಕು. ರಿವಾಯತಿನ ಹಾಡುಗಾರನು ತಾಯಿ, ತಂಗಿ, ಮಗಳೆಂದು ದುಃಖವನ್ನು ಬಿಡಿಬಿಡಿಯಾಗಿ ಕರೆಯುವುದರಲ್ಲಿ ಇದೇ ವಿವೇಕವಿದೆ.

ಈ ಪದಗಳ ಕೊರತೆಯನ್ನೂ ಹೇಳಬೇಕು. ಅಳುವವರು ಹೆಚ್ಚಾಗಿ ಹೆಂಗಸರು, ಹಾಡುವವರು ಬಹುಮಟ್ಟಿಗೆ ಗಂಡಸರು. ಇದ್ದತಿನಲ್ಲಿರುವವಳಿಗೆ ಬೀದಿಯ ಮೇಳ ಗೋಡೆಯಾಚೆಯ ದನಿ ಮಾತ್ರ. ಮತ್ತು ಕೂಡಿ ಅಳುವ ಈ ಸಾಂತ್ವನವು ಜನ ಕೂಡಿದರೆ ಮಾತ್ರ ಸಾಧ್ಯ. 2020ರ ಕೋವಿಡ್ ಕಾಲದಲ್ಲಿ ಅಂತ್ಯಸಂಸ್ಕಾರಕ್ಕೆ 20 ಜನರ ಮಿತಿ ಬಂದಿತು. ಆ ವರ್ಷ ಆಗಸ್ಟಿನಲ್ಲಿ ಸುಪ್ರೀಮ್ ಕೋರ್ಟು ದೇಶವ್ಯಾಪಿ ಮೊಹರಮ್ ಮೆರವಣಿಗೆಗೆ ಅನುಮತಿ ಕೊಡಲಿಲ್ಲ. ರೋಗಭಯದ ಕಾರಣ ಸರಿಯೇ. ಆದರೆ ಹೆಗಲು ಕೊಡುವವರೂ ಜೊತೆಗೆ ಅಳುವವರೂ ಇಲ್ಲದೆ ಸತ್ತವರನ್ನು ಕಳುಹಿಸಿದ ಮನೆಗಳಿಗೆ, ಇಂಥ ಪದಗಳ ಬೆಲೆ ಅವುಗಳ ಅಭಾವದಲ್ಲಿಯೇ ತಿಳಿಯಿತು.

ಇದೇ ಜಿಲ್ಲೆಯ ಹಲಸಂಗಿ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ರೇವಪ್ಪ ಕಾಪಸೆಯವರು, ಜನರ ಬಾಯಲ್ಲಿದ್ದ ಹಾಡನ್ನು ಪುಸ್ತಕಕ್ಕೆ ತಂದು ನಮಗೆ ದಾರಿ ತೋರಿದರು. ಮುಂದಿನ ಸಂಗ್ರಾಹಕರು ಒಂದು ಹೆಜ್ಜೆ ಮುಂದೆ ಹೋಗಬೇಕು. ಪದದ ಪಾಠದೊಡನೆ ಅದನ್ನು ಯಾರು ಹಾಡಿದರು, ಯಾರು ಕೇಳಿದರು, ಯಾವ ನುಡಿಗೆ ಯಾರ ಕಣ್ಣು ತುಂಬಿತು ಎಂಬುದನ್ನೂ, ಅವರ ಒಪ್ಪಿಗೆ ಪಡೆದು, ಬರೆದುಕೊಳ್ಳಬೇಕು. ಶೋಕಗೀತಕ್ಕೆ ಪಾಠಾಂತರಗಳಷ್ಟೇ ಶ್ರೋತೃಗಳೂ ಮುಖ್ಯ. ಅದಿಲ್ಲದಿದ್ದರೆ ಪದಗಳು ನಮ್ಮ ಗ್ರಂಥಭಂಡಾರಗಳಲ್ಲಿ ಸುರಕ್ಷಿತವಾಗಿ ಉಳಿದಾವು; ಅವು ಯಾರನ್ನು ಸಂತೈಸಲು ಹುಟ್ಟಿದುವೋ ಅವರು ಮಾತ್ರ ಹೊರಗುಳಿದಾರು.